ಒಂಟಿ ಬಶಿ, ಕಿವಿ ಮುರಿದ ಕಪ್ಪು: ನಾನು ದೀಪ ಮಾಡಿದ ಬಗೆ

ಹುಬ್ಬಳ್ಳಿಯ ಮನೆ ಖಾಲಿ ಮಾಡುತ್ತಿದ್ದ ರಾತ್ರಿ ಕರೆಂಟ್ ಹೋಯಿತು. ನಾನು ಅತ್ತೆಯ ಗಾಜಿನ ಕಪಾಟಿನಿಂದ ಕಪ್ಪು-ಬಶಿಗಳನ್ನು ಒಂದೊಂದಾಗಿ ತೆಗೆದು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದೆ. ಮೊಬೈಲ್ ಟಾರ್ಚ್ ಹಾಕಿ ನೆಲದ ಮೇಲಿಟ್ಟೆ. ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು ಅಂತ ಅದರ ಮೇಲೆ ಒಂದು ಕಪ್ಪನ್ನು ಬೋರಲು ಹಾಕಿದೆ. ಇಡೀ ಕಪ್ಪು ಬೆಳಗಿತು. ಗಟ್ಟಿ ಹಾಲಿಗೆ ಒಂದು ಹನಿ ಡಿಕಾಕ್ಷನ್ ಬಿದ್ದರೆ ಬರುತ್ತಲ್ಲ, ಆ ಬಣ್ಣ. ಹೊರಗಿನ ಗುಲಾಬಿ ಬಳ್ಳಿಯ ಚಿತ್ರ ಕಪ್ಪಗೆ ಎದ್ದು ಕಂಡಿತು. ಕಪ್ಪನ್ನು ಹಿಡಿದಿದ್ದ ನನ್ನ ಬೆರಳುಗಳು ಎಷ್ಟು ಅಂತ ಎದುರು ಕೂತವರು ಎಣಿಸಬಹುದಿತ್ತು.

ಪಕ್ಕದಲ್ಲಿದ್ದ ಇನ್ನೊಂದು ಬಶಿ, ನೀಲಿ ಚಿತ್ರದ್ದು, ಅದನ್ನೂ ಟಾರ್ಚಿನ ಮೇಲೆ ಹಿಡಿದು ನೋಡಿದೆ. ಬೆಳಕು ಒಂದಿಷ್ಟೂ ದಾಟಲಿಲ್ಲ. ಅವತ್ತು ಕಂಡ ಈ ವ್ಯತ್ಯಾಸವೇ ಆಮೇಲೆ ನನ್ನ ಎಲ್ಲಾ ಕೆಲಸಕ್ಕೂ ಆಧಾರವಾಯಿತು.

ಆ ಗುಲಾಬಿ ಕಪ್ಪುಗಳ ಕಥೆ ಹೇಳಬೇಕು. ಮಾವ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಊರು ಬಿಟ್ಟು ಹೋಗುವಾಗ ಮೇಲಧಿಕಾರಿಯೊಬ್ಬರು ಆರು ಕಪ್ಪು, ಆರು ಬಶಿ ಕೊಟ್ಟು ಹೋದರಂತೆ. ತಳದಲ್ಲಿ 'ಬೋನ್ ಚೈನಾ, ಮೇಡ್ ಇನ್ ಇಂಗ್ಲೆಂಡ್' ಅನ್ನುವ ಮುದ್ರೆ. ಮೊದಲೆರಡು ವರ್ಷ ಮಾವ ಅದರಲ್ಲೇ ಚಹಾ ಕುಡಿದರು, ಬಶಿಗೆ ಸುರಿದುಕೊಂಡು, ಊದಿ ಊದಿ. ಆಮೇಲೆ ಯಾರೋ ಬೋನ್ ಚೈನಾ ಅಂದರೆ ಏನು ಅಂತ ಹೇಳಿದರು. ಹೆಸರಿಗೆ ಮಾತ್ರ ಬೋನ್ ಅಲ್ಲ, ನಿಜವಾಗಿಯೂ ದನದ ಮೂಳೆ ಸುಟ್ಟ ಬೂದಿಯನ್ನು ಮಣ್ಣಿಗೆ ಬೆರೆಸುತ್ತಾರೆ. ಹಳೇ ಇಂಗ್ಲಿಷ್ ಸಾಮಾನಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಅದೇ. 1790ರ ದಶಕದಲ್ಲಿ ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನ ಕುಂಬಾರ ಜೊಸಾಯಾ ಸ್ಪೋಡ್ ಈ ಮಿಶ್ರಣವನ್ನು ಹದಕ್ಕೆ ತಂದ. ತೆಳ್ಳಗಿದ್ದರೂ ಗಟ್ಟಿ, ಬೆಳಕು ಒಳಗಿಂದ ಹಾಯುತ್ತದೆ. ಆದರೆ ನಮ್ಮಂಥ ಸಸ್ಯಾಹಾರಿ ಮನೆಯಲ್ಲಿ ಅದರಲ್ಲಿ ಚಹಾ ಕುಡಿಯುವುದು ಹೇಗೆ? ಕಪ್ಪುಗಳು ಕಪಾಟು ಸೇರಿದವು. ವರ್ಷಕ್ಕೊಮ್ಮೆ ದಸರೆಗೆ ಒರೆಸುವುದಷ್ಟೇ.

ಕಪ್ಪು-ಬಶಿಗಳ ನಡುವೆ ತೂತು ಕೊರೆದು, ಪೈಪಿಗೆ ಪೋಣಿಸಿ ದೀಪ ಮಾಡಲಾ ಅಂತ ನಾನು ಹೆದರಿಕೊಂಡೇ ಅತ್ತೆಯನ್ನು ಕೇಳಿದೆ. "ಎಲುವಿನ ಬೂದಿ ಅಂತ ತಿಳಿದ ಮ್ಯಾಲೆ ತುಟಿಗೆ ಹಚ್ಚಲಿಲ್ಲ ನೋಡು," ಅಂದರು. "ದೀಪಾ ಮಾಡಿದ್ರ ಮಾಡವ್ವಾ. ಒಡದ್ರ ಒಡೀಲಿ. ಕಪಾಟಿನ್ಯಾಗ ಇಟ್ಟು ಏನ್ ಮಾಡೂದೈತಿ?"

ಉಳಿದಿದ್ದು ನಾಲ್ಕು ಕಪ್ಪು, ಐದು ಬಶಿ. ಒಂದು ಕಪ್ಪಿನ ಕಿವಿ ಮುರಿದಿತ್ತು. ಒಂದು ಬಶಿಗೆ ಜೋಡಿ ಇರಲಿಲ್ಲ. ನಾನು ಆ ಎರಡನ್ನು ಮಾತ್ರ ತೆಗೆದುಕೊಂಡೆ. ಇದು ನಾನು ಹಾಕಿಕೊಂಡ ನಿಯಮ, ಇವತ್ತಿಗೂ ಮುರಿದಿಲ್ಲ. ಜೋಡಿ ಕೂಡಿರುವ ಕಪ್ಪು-ಬಶಿಗೆ, ಮುಚ್ಚಳ ಇರುವ ಟೀ ಪಾಟಿಗೆ, ಪೂರ್ತಿ ಇರುವ ಸೆಟ್ಟಿಗೆ ನಾನು ಡ್ರಿಲ್ ಹಚ್ಚುವುದಿಲ್ಲ. ಒಮ್ಮೆ ತೂತು ಬಿದ್ದರೆ ಮುಗಿಯಿತು, ಮತ್ತೆ ಅದು ಕಪ್ಪಾಗುವುದಿಲ್ಲ. ದುಡ್ಡು ಕೊಟ್ಟು ಚೆಂದದ ಸೆಟ್ ತಂದು ಕೊರೆಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಬೆಂಗಳೂರಿಗೆ ಬಂದ ಮೇಲೆ ನೇರವಾಗಿ ಗುಲಾಬಿ ಕಪ್ಪಿಗೆ ಕೈ ಹಾಕಲು ಧೈರ್ಯ ಬರಲಿಲ್ಲ. ಚಿಕ್ಕಪೇಟೆ ಕಡೆ ಭಾನುವಾರ ರಸ್ತೆ ಬದಿಯಲ್ಲಿ ಹಳೇ ಸಾಮಾನು ಹರಡಿಕೊಂಡು ಕೂರುತ್ತಾರಲ್ಲ, ಅಲ್ಲಿ ಹತ್ತು ಒಂಟಿ ಬಶಿ ತಂದೆ. ಕೊಳ್ಳುವಾಗ ಬಶಿಯನ್ನು ಮೂರು ಬೆರಳ ತುದಿಯ ಮೇಲೆ ಇಟ್ಟು, ಅಂಚಿಗೆ ಉಗುರಿನಿಂದ ಬಡಿಯಬೇಕು. 'ಟಣ್' ಅಂತ ಉದ್ದಕ್ಕೆ ನಾದ ಬಂದರೆ ಸರಿ. 'ಟಪ್' ಅಂದರೆ ಕಣ್ಣಿಗೆ ಕಾಣದ ಬಿರುಕಿದೆ. ಮಡಕೆ ಕೊಳ್ಳುವಾಗ ನಮ್ಮಜ್ಜಿ ಮಾಡುತ್ತಿದ್ದದ್ದೂ ಇದನ್ನೇ.

ಮೊದಲ ಬಶಿ ಎರಡು ನಿಮಿಷದಲ್ಲಿ ಮೂರು ಹೋಳಾಯಿತು. ತಪ್ಪು ಬಿಟ್ಟಿನದು, ಅಂದರೆ ಡ್ರಿಲ್ಲಿನ ಬಾಯಿಗೆ ಸಿಕ್ಕಿಸುವ ಮೊನೆಯದು. ಅಂಗಡಿಯವರು ಗೋಡೆ ಕೊರೆಯುವ ಬಿಟ್ ಕೊಟ್ಟು "ಇದೇ ಆಗುತ್ತೆ ಮೇಡಂ" ಅಂದಿದ್ದರು. ಆಗಲಿಲ್ಲ. ಪಿಂಗಾಣಿಗೆ ಬೇಕಾಗಿರುವುದು ಡೈಮಂಡ್ ಬಿಟ್. ಅದರ ಬಾಯಿ ಪುಟ್ಟ ಕೊಳವೆಯ ಹಾಗೆ, ಅಂಚಿಗೆ ವಜ್ರದ ಪುಡಿ ಅಂಟಿರುತ್ತದೆ. ಅದು ಚುಚ್ಚುವುದಿಲ್ಲ, ಅರೆಯುತ್ತದೆ. ನಾನು ಬಳಸುವುದು 12 ಎಂಎಂ ಬಿಟ್. ಮಧ್ಯದಲ್ಲಿ ಹಾಯುವ ಪೈಪು 10 ಎಂಎಂ. ಆ 2 ಎಂಎಂ ಸಡಿಲ ಬೇಕೇ ಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ.

ನಡುಮಧ್ಯ ಹುಡುಕುವುದು ಸುಲಭ. ಬಶಿಯ ಹಿಂಬದಿಯಲ್ಲಿ ಬಳೆಯ ಹಾಗೆ ಒಂದು ಏಣು ಇರುತ್ತದೆ. ಅದರ ಅಳತೆಗೆ ಕಾಗದ ದುಂಡಗೆ ಕತ್ತರಿಸಿ ನಾಲ್ಕು ಮಡಿಕೆ ಮಾಡಿ ಬಿಡಿಸಿದರೆ, ಗೆರೆಗಳು ಕೂಡುವ ಜಾಗವೇ ಮಧ್ಯ. ಕೊರೆಯುವುದು ಮಾತ್ರ ಮುಂಬದಿಯಿಂದ. ಬಿಟ್ ಹೊರಗೆ ಬರುವ ಕಡೆ ಪಿಂಗಾಣಿ ಚೂರು ಚೂರಾಗಿ ಏಳುತ್ತದೆ. ಅದು ಹಿಂದೆಯೇ ಆಗಲಿ, ಕಣ್ಣಿಗೆ ಬೀಳದು.

ಆಮೇಲೆ ಚಪಾತಿ ಹಿಟ್ಟು. ನಗಬೇಡಿ, ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಗಟ್ಟಿಯಾಗಿ ಕಲಸಿದ ಹಿಟ್ಟನ್ನು ಹಗ್ಗದ ಹಾಗೆ ಹೊಸೆದು, ಗುರುತಿನ ಸುತ್ತ ಕಟ್ಟೆ ಕಟ್ಟಿ, ಒಳಗೆ ನೀರು ತುಂಬುತ್ತೇನೆ. ಬಿಟ್ ನೀರಿನಲ್ಲೇ ತಿರುಗಬೇಕು. ಒಣಗಿದರೆ ಬಿಸಿಯಾಗಿ ಪಿಂಗಾಣಿ ಬಿರಿಯುತ್ತದೆ, ವಜ್ರದ ಪುಡಿಯೂ ಉದುರುತ್ತದೆ. ಅದಕ್ಕಿಂತ ದೊಡ್ಡ ಕಾರಣ ಧೂಳು. ಅದರಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶ ಸೇರಿದರೆ ಹೊರಗೆ ಬರುವುದಿಲ್ಲ. ನೀರಿದ್ದರೆ ಧೂಳು ಕೆಸರಾಗಿ ಅಲ್ಲೇ ನಿಲ್ಲುತ್ತದೆ. ಆದರೂ ಮಾಸ್ಕು, ಕನ್ನಡಕ ಹಾಕಿಕೊಳ್ಳುತ್ತೇನೆ. ನೀರಿನ ಕೆಲಸವಾದ್ದರಿಂದ ವೈರಿನ ಡ್ರಿಲ್ ಬಿಟ್ಟು ಬ್ಯಾಟರಿ ಡ್ರಿಲ್ಲೇ ಹಿಡಿಯಿರಿ.

ಬಿಟ್ಟನ್ನು ಮೊದಲು ಓರೆಯಾಗಿ ತಾಗಿಸಿ. ಅರ್ಧ ಚಂದ್ರದ ಹಾಗೆ ಗೀರು ಬೀಳುತ್ತದೆ. ಆಮೇಲೆ ನಿಧಾನವಾಗಿ ನೇರ ಮಾಡಿದರೆ ಗೀರು ಪೂರ್ತಿ ಉಂಗುರವಾಗುತ್ತದೆ. ಮೊದಲೇ ನೇರವಾಗಿ ಇಟ್ಟರೆ ಬಿಟ್ ಜಾರಿಕೊಂಡು ಹೋಗಿ ಹೂವಿನ ಮೇಲೆಲ್ಲಾ ಗೀಚುತ್ತದೆ. ಒತ್ತಬಾರದು. ಡ್ರಿಲ್ಲಿನ ಭಾರವೇ ಸಾಕು. ಸ್ಪೀಡ್ ಕಡಿಮೆ ಇರಲಿ, ಗುದ್ದುತ್ತಾ ಕೊರೆಯುವ ಹ್ಯಾಮರ್ ಮೋಡ್ ಆಫ್ ಆಗಿದೆಯಾ ಅಂತ ಎರಡು ಸಲ ನೋಡಿ. ಕೆಳಗೆ ಮರದ ತುಂಡು, ಅದರ ಮೇಲೆ ಒದ್ದೆ ಬಟ್ಟೆ.

ಮುಖ್ಯವಾಗಿ ಕಿವಿ ಕೊಡಬೇಕು. ಶುರುವಿನಲ್ಲಿ ಗರಗರ ಅನ್ನುವ ಸದ್ದು ಇರುತ್ತದೆ. ಮೇಲಿನ ಹೊಳಪು ದಾಟಿ ಒಳಗಿನ ಮೈಗೆ ಹೋದಾಗ ಅದು ಮೆತ್ತಗಾಗುತ್ತದೆ, ರುಬ್ಬುಗುಂಡಿನಲ್ಲಿ ಅಕ್ಕಿ ನುಣ್ಣಗಾದಾಗಿನ ಹಾಗೆ. ಕೊನೆಗೆ ಒಂದು ಕ್ಷಣ ಸದ್ದು ಪೊಳ್ಳಾಗಿ ಕೇಳುತ್ತದೆ. ಅಲ್ಲಿ ಕೈ ತಡೆಯಬೇಕು. ಇನ್ನು ಕಾಗದದಷ್ಟು ದಪ್ಪ ಉಳಿದಿರುತ್ತದೆ. ಅಲ್ಲಿ ಅವಸರ ಮಾಡಿಯೇ ನಾನು ಮೂರು ಬಶಿ ಕಳೆದುಕೊಂಡೆ. ಹತ್ತರಲ್ಲಿ ಐದು ಉಳಿದವು. ಎಂಟನೆಯದರ ನಂತರ ಒಂದೂ ಒಡೆಯಲಿಲ್ಲ. ಗುಲಾಬಿ ಕಪ್ಪಿಗೆ ಹನ್ನೆರಡು ನಿಮಿಷ ತೆಗೆದುಕೊಂಡೆ. ತೂತಿನಿಂದ ಬಿದ್ದ ಆ ಬಿಳಿ ಬಿಲ್ಲೆ, ಎಂಟಾಣೆಗಿಂತ ಚಿಕ್ಕದು, ಇನ್ನೂ ನನ್ನ ಹೊಲಿಗೆ ಡಬ್ಬಿಯಲ್ಲಿದೆ.

ಈಗ ಜೋಡಣೆ. ಕಪ್ಪು-ಬಶಿ ಒಂದರ ಮೇಲೊಂದು ಪೇರಿಸಿ, ತುದಿಗೆ ಹೋಲ್ಡರ್ ಕೂರಿಸಿ, ಬಟ್ಟೆಯ ಶೇಡ್ ಹಾಕುವುದು ಎಲ್ಲರೂ ಮಾಡುವ ಕ್ರಮ. ನನಗೆ ಅದು ಒಪ್ಪಿಗೆಯಿಲ್ಲ. ಬೆಳಕು ಹಾಯುವ ಕಪ್ಪನ್ನು ಶೇಡಿನ ಕೆಳಗೆ ಕಂಬ ಮಾಡಿ ನಿಲ್ಲಿಸಿದರೆ ಅದು ಬೋನ್ ಚೈನಾ ಆಗಿದ್ದು ಏನು ಬಂತು? ಬೆಳಕು ಬಿಡದ ದಪ್ಪ ಪಿಂಗಾಣಿ ಕೆಳಗೆ, ಬೆಳಕು ಬಿಡುವ ತೆಳು ಪಿಂಗಾಣಿ ಮೇಲೆ. ಆ ಕಪ್ಪೇ ಶೇಡು. ಕೊಳ್ಳುವ ಮೊದಲು ಟಾರ್ಚ್ ಹಿಡಿದು ನೋಡಿದರೆ ಯಾವುದು ಎಲ್ಲಿಗೆ ಅಂತ ಅದೇ ಹೇಳುತ್ತದೆ.

ನನ್ನ ಮೊದಲ ದೀಪದಲ್ಲಿ ಎಲ್ಲಕ್ಕಿಂತ ಕೆಳಗೆ ಹಲಸಿನ ಮರದ ಬಿಲ್ಲೆ, ಬಡಗಿ ಆಚಾರರು ಮಾಡಿಕೊಟ್ಟದ್ದು, ವೈರಿಗೆ ಪಕ್ಕದಲ್ಲಿ ಕಾಲುವೆ ಕೊರೆದು. ಅದರ ಮೇಲೆ ಬೋರಲು ಹಾಕಿದ ದಪ್ಪ ಬಟ್ಟಲು. ಮೇಲೆ ಎರಡು ನೀಲಿ ಬಶಿ. ಸೇತುವೆ, ಮೂವರು ಮನುಷ್ಯರು, ಬಾಗಿದ ಮರ, ಎರಡು ಹಕ್ಕಿ ಇರುವ ಆ 'ವಿಲ್ಲೋ' ಚಿತ್ರ ನೀವೂ ನೋಡಿರುತ್ತೀರಿ. ಚೀನಾದ್ದು ಅನ್ನಿಸುತ್ತದೆ, ಆದರೆ ಬರೆದವರು ಇಂಗ್ಲಿಷರು. ಪ್ರೇಮಿಗಳು ಹಕ್ಕಿಗಳಾದರು ಅನ್ನುವ ಕಥೆಯನ್ನೂ ಅವರೇ ಆಮೇಲೆ ಕಟ್ಟಿದ್ದು. ಅದರ ಮೇಲೆ ಗುಲಾಬಿ ಬಶಿ, ಕೊನೆಗೆ ಕಿವಿ ಮುರಿದ ಕಪ್ಪು. ಮುರಿದ ಗಾಯವನ್ನು ಗೋಡೆಯ ಕಡೆ ತಿರುಗಿಸಿದ್ದೇನೆ.

ಎಲ್ಲದರ ನಡುವೆ ಹಾಯುವುದು ಹಿತ್ತಾಳೆಯ ಟೊಳ್ಳು ಪೈಪು, ಹೊರಮೈಗೆ ಥ್ರೆಡ್ ಇರುವಂಥದ್ದು. ಬಿವಿಕೆ ಅಯ್ಯಂಗಾರ್ ರಸ್ತೆಯ ಲೈಟ್ ಅಂಗಡಿಗಳಲ್ಲಿ ಪೈಪು, ನಟ್ಟು, ವಾಷರ್ ಎಲ್ಲಾ ಸಿಗುತ್ತದೆ. ಪಿಂಗಾಣಿ ತಾಗುವ ಕಡೆಯಲ್ಲೆಲ್ಲಾ ರಬ್ಬರ್ ವಾಷರ್ ಹಾಕಿ. ಲೋಹ ನೇರವಾಗಿ ಪಿಂಗಾಣಿಗೆ ತಾಗಬಾರದು. ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ, ಸ್ಪ್ಯಾನರ್ ಬೇಡ. ನಾನು ಗಟ್ಟಿ ಇರಲಿ ಅಂತ ಸ್ಪ್ಯಾನರಿನಲ್ಲಿ ಒಂದು ಸುತ್ತು ಜಾಸ್ತಿ ತಿರುಗಿಸಿ ಮಲಗಿದ್ದೆ. ರಾತ್ರಿ ನಡುಮನೆಯಲ್ಲಿ 'ಟಿಕ್' ಅಂತು. ಬೆಳಗ್ಗೆ ನೋಡಿದರೆ ನೀಲಿ ಬಶಿಯ ಮೇಲೆ ತೂತಿನಿಂದ ಅಂಚಿನವರೆಗೆ ಕೂದಲೆಳೆಯ ಬಿರುಕು.

ಆ 2 ಎಂಎಂ ಸಡಿಲದ ವಿಷಯ. ಹಳೇ ಕಪ್ಪು-ಬಶಿಗಳು ಗೂಡಿನಲ್ಲಿ ಬೇಯುವಾಗ ಚೂರು ಸೊಟ್ಟಗಾಗಿರುತ್ತವೆ. ಒಂದೊಂದೇ ನೋಡಿದರೆ ಗೊತ್ತಾಗುವುದಿಲ್ಲ. ಐದು ಪೇರಿಸಿದಾಗ ಇಡೀ ದೀಪ ವಾಲುತ್ತದೆ. ಒಂದರ ಸೊಟ್ಟ ಇನ್ನೊಂದರ ಸೊಟ್ಟಕ್ಕೆ ಎದುರಾಗುವ ಹಾಗೆ ಬಶಿಗಳನ್ನು ತಿರುಗಿಸುತ್ತಾ ಹೋಗಬೇಕು. ಸಡಿಲ ಇದ್ದರೆ ಮಾತ್ರ ಅದು ಸಾಧ್ಯ. ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು. ಅತ್ತೆ ದೂರದಲ್ಲಿ ಕೂತು "ಎಡಕ್ಕ, ಇನ್ನೊಂಚೂರು ಎಡಕ್ಕ" ಅನ್ನುತ್ತಿದ್ದರು. ಅಂಟು ಹಾಕಿದ್ದರೆ ಈ ತಿದ್ದುವಿಕೆ ಆಗುತ್ತಿರಲಿಲ್ಲ. ನಾನು ಅಂಟು ಬಳಸುವುದೇ ಇಲ್ಲ, ನಾಳೆ ಯಾರಿಗಾದರೂ ಬಿಚ್ಚಬೇಕು ಅನ್ನಿಸಿದರೆ ಬಿಚ್ಚಲಿ.

ವೈರಿಂಗ್ ನಾನು ಕಲಿತದ್ದು ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಅಣ್ಣನಿಂದ. ನಾನು ಎರಡು ಎಳೆಯ ವೈರ್ ತಂದಿದ್ದೆ. ಆತ ನೋಡಿ ತಲೆಯಾಡಿಸಿದರು. "ಅಕ್ಕಾ, ಪಿಂಗಾಣಿ ಶಾಕ್ ಹೊಡೆಯಲ್ಲ. ಮಧ್ಯದ ಪೈಪು ಹೊಡೆಯುತ್ತೆ." ನಿಜ ಅಲ್ವಾ? ಕಂಬದ ಮೇಲೆ ತಂತಿ ಹಿಡಿದಿರುವುದು ಪಿಂಗಾಣಿ ಬಟ್ಟಲೇ. ಹಳೇ ಮನೆಯ ಫ್ಯೂಸೂ ಪಿಂಗಾಣಿಯದೇ. ಆದರೆ ಪೈಪು ಹಿತ್ತಾಳೆ. ಒಳಗೆ ವೈರ್ ಎಲ್ಲಾದರೂ ಸವೆದರೆ ಇಡೀ ಪೈಪಿಗೆ ಕರೆಂಟ್ ಬರುತ್ತದೆ. ಅದಕ್ಕೆ ಮೂರು ಎಳೆಯ ವೈರ್, ಮೂರು ಪಿನ್ನಿನ ಪ್ಲಗ್, ಅರ್ಥ್ ಆಗುವ ಹಸಿರು ಎಳೆ ಪೈಪಿಗೆ ಗಟ್ಟಿಯಾಗಿ ಕೂರಬೇಕು. ಸ್ವಿಚ್ ಫೇಸ್ ವೈರಿನ, ಅಂದರೆ ಕರೆಂಟ್ ಬರುವ ಎಳೆಯ ಮೇಲೇ ಇರಬೇಕು. ಪೈಪಿನ ಬಾಯಿ ಚೂಪಾಗಿರುತ್ತದೆ, ಅರದಿಂದ ಉಜ್ಜಿ ನಯ ಮಾಡಿ. ಬಿಲ್ಲೆಯ ಒಳಗೆ ವೈರಿಗೆ ಒಂದು ಗಂಟು ಹಾಕಿ, ಯಾರಾದರೂ ಎಡವಿದರೂ ಹೋಲ್ಡರಿನಿಂದ ಕಿತ್ತುಬರುವುದಿಲ್ಲ. ಗೊತ್ತಿಲ್ಲದವರು ಈ ಭಾಗ ಮಾತ್ರ ಸ್ವಂತ ಮಾಡಬೇಡಿ, ಗೊತ್ತಿದ್ದವರ ಕೈಲಿ ಮಾಡಿಸಿ.

ಬಲ್ಬಿಗೆ ಜಾಸ್ತಿ ಹುಡುಕಾಡಿದೆ. ಮಾಮೂಲಿ ಬಲ್ಬು ಕಪ್ಪಿನಿಂದ ಹೊರಗೆ ಇಣುಕುತ್ತದೆ. ಜಿ9 ಅನ್ನುವ ಪುಟ್ಟ ಎಲ್‌ಇಡಿ ಬಲ್ಬು ಸಿಕ್ಕಿತು, 3 ವ್ಯಾಟ್, 2700 ಕೆಲ್ವಿನ್, ಅಂದರೆ ಹಳದಿ ಬೆಳಕು. ಅದರ ಹೋಲ್ಡರೂ ಪಿಂಗಾಣಿಯದೇ. ಬಿಳಿ ಬೆಳಕಿನ ಬಲ್ಬು ಹಾಕಿ ನೋಡಿದೆ, ಆಸ್ಪತ್ರೆಯ ಹಾಗೆ ಕಂಡಿತು. ಹಳೇ ತಂತಿಯ ಬಲ್ಬು ಹಾಕಲೇಬೇಡಿ, ಆ ಬಿಸಿಗೆ ಹಳೇ ಪಿಂಗಾಣಿ ಬಿರುಕು ಬಿಡಬಹುದು.

ಇದಾದ ಮೇಲೆ ಅಮ್ಮನ ಉಪ್ಪಿನಕಾಯಿ ಭರಣಿಗೆ ದೀಪ ಮಾಡಿದೆ, ಒಂದೂ ತೂತಿಲ್ಲದೆ. ಬಾಯಿಯ ಅಳತೆಗೆ ಮರದ ಮುಚ್ಚಳ ಮಾಡಿಸಿ, ಹೋಲ್ಡರನ್ನು ಅದಕ್ಕೇ ಕೂರಿಸಿ, ವೈರನ್ನು ಮುಚ್ಚಳದ ಪಕ್ಕದಿಂದ ಇಳಿಸಿದ್ದೇನೆ. ಒಳಗೆ ಮರಳು ತುಂಬಿದರೆ ಅಲುಗಾಡುವುದಿಲ್ಲ. ಎಷ್ಟು ತೊಳೆದರೂ ಮಾವಿನಕಾಯಿ, ಇಂಗಿನ ವಾಸನೆ ಒಂದು ತಿಂಗಳು ಹೋಗಲಿಲ್ಲ. ಬೇಕಾದಾಗ ಮುಚ್ಚಳ ತೆಗೆದರೆ ಭರಣಿ ಮತ್ತೆ ಭರಣಿಯೇ.

ಭಾನುವಾರದ ಬಶಿಗಳಲ್ಲಿ ಒಂದನ್ನು ಕೊರೆಯುವ ಮೊದಲು ತಿರುಗಿಸಿ ನೋಡಿದ್ದು ಒಳ್ಳೆಯದಾಯಿತು. ಹಿಂದೆ ಕೆಂಪಕ್ಷರದಲ್ಲಿ 'ಮೇಡ್ ಇನ್ ಆಕ್ಯುಪೈಡ್ ಜಪಾನ್' ಅಂತಿತ್ತು. ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನು 1945ರಿಂದ 1952ರವರೆಗೆ ಪರರ ಹಿಡಿತದಲ್ಲಿತ್ತಲ್ಲ, ಆಗಿನ ಮುದ್ರೆ. ಜೋಡಿಯಿಲ್ಲದ ಒಂಟಿ ಬಶಿಯೇ, ನನ್ನ ನಿಯಮದ ಪ್ರಕಾರ ಕೊರೆಯಬಹುದಿತ್ತು. ಕೈ ಬರಲಿಲ್ಲ. ತಳದ ಮುದ್ರೆ ಇರುವ ಜಾಗದಲ್ಲೇ ತೂತು ಬೀಳುತ್ತದೆ. ಟಾರ್ಚ್ ಹಿಡಿದೆ, ಬೆಳಕು ಚೆನ್ನಾಗಿ ದಾಟಿತು. ಮೂಳೆಯ ಬೂದಿ ಇಲ್ಲದ ಬರೀ ಪಿಂಗಾಣಿಯೂ ಎಷ್ಟೋ ಸಲ ಬೆಳಕು ಬಿಡುತ್ತದೆ, ಈ ಬಶಿಯ ಮೇಲೆ ಬೋನ್ ಚೈನಾ ಅನ್ನುವ ಮಾತಿಲ್ಲ ಅಂತ ಅತ್ತೆಗೆ ಹೇಳಿದೆ. ಅವರು ಇಸಿದುಕೊಂಡು, ಮುದ್ರೆಯನ್ನು ಬೆರಳಿನಿಂದ ಸವರಿ, ದೀಪದ ಪಕ್ಕ ಇಟ್ಟುಕೊಂಡರು. ಸಂಜೆ ಚಹಾ ಕೊಟ್ಟರೆ ಅದಕ್ಕೆ ಸುರಿದುಕೊಂಡು ಊದುತ್ತಾರೆ.