ಹೊರಊರಿನ ಕಾರನ್ನು ಲಾರಿಯ ಮೇಲೆ ತರಿಸುವವರಿಗೆ: ಮೈಸೂರು–ಮಂಡ್ಯ ಹೊಸಬರ ಮಾರ್ಗದರ್ಶಿ

ಮೈಸೂರಿಗೋ ಮಂಡ್ಯಕ್ಕೋ ಹೊಸದಾಗಿ ಬಂದು ನೆಲೆಸುವ ಕುಟುಂಬಗಳು ಮನೆ, ಶಾಲೆ, ಗ್ಯಾಸ್ ಸಂಪರ್ಕಗಳ ನಂತರ ನಮ್ಮ ಸಂಘದಲ್ಲಿ ಹೆಚ್ಚಾಗಿ ವಿಚಾರಿಸುವುದು ಹಳೆಯ ಊರಿನಲ್ಲಿ ಬಿಟ್ಟುಬಂದ ಕಾರಿನ ವಿಷಯವನ್ನು. ಓಡುವ ಸ್ಥಿತಿಯಲ್ಲಿರುವ ಕಾರನ್ನು ಓಡಿಸಿಕೊಂಡೇ ಬರಬಹುದು. ಬಹುಕಾಲ ಶೆಡ್ಡಿನಲ್ಲೇ ನಿಂತ ಕಾರು, ಕೆಟ್ಟುನಿಂತ ಕಾರು, ಮನೆಯಲ್ಲಿ ದೂರದ ಪ್ರಯಾಣಕ್ಕೆ ಓಡಿಸುವವರಿಲ್ಲದ ಕಾರು ಇವುಗಳನ್ನು ಮಾತ್ರ ಲಾರಿಯ ಮೇಲೆ ಹೇರಿಸಿ ತರಿಸುವುದು ಒಳ್ಳೆಯದು.

ಅಮೆರಿಕದಿಂದ ಮರಳಿದವರು ಪಿಕಪ್ ಮತ್ತು ಟ್ರೇಲರನ್ನು ಬಾಡಿಗೆಗೆ ಪಡೆದು ತಾವೇ ಎಳೆದು ತರಬಹುದೇ ಎಂದು ಕೇಳುವುದುಂಟು. ಅಲ್ಲಿ ಅದು ರೂಢಿಯಲ್ಲಿರುವ ಪದ್ಧತಿ. ಟ್ರೇಲರ್ ಮತ್ತು ಅದರ ಮೇಲಿನ ಹೊರೆಯ ಒಟ್ಟು ತೂಕದಲ್ಲಿ ಶೇಕಡ 10ರಿಂದ 15ರಷ್ಟು ಎಳೆಯುವ ವಾಹನದ ಕೊಂಡಿಯ ಮೇಲೆ ಬೀಳುವಂತೆ ಕಾರನ್ನು ನಿಲ್ಲಿಸುತ್ತಾರೆ, ಇಲ್ಲದಿದ್ದರೆ ವೇಗ ಏರಿದಂತೆ ಟ್ರೇಲರ್ ಅತ್ತಿತ್ತ ಓಲಾಡತೊಡಗುತ್ತದೆ. ಕೊಂಡಿಯ ಮೇಲೆ ಭಾರ ಮಿತಿಮೀರಿದರೆ ಏನಾಗುತ್ತದೆ ಎಂಬುದನ್ನು ಕಬ್ಬಿನ ಹಂಗಾಮಿನಲ್ಲಿ ಏರು ಹತ್ತುತ್ತಾ ಮುಂಗಾಲಿ ಎತ್ತುವ ಟ್ರ್ಯಾಕ್ಟರುಗಳನ್ನು ಕಂಡಿರುವ ಮಂಡ್ಯದವರಿಗೆ ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು, ಬಾಡಿಗೆ ಪಿಕಪ್‌ಗಳಿಗೆ ಅದನ್ನು ಎಳೆಯುವ ಕೊಂಡಿಯೂ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಚಾಲಕನ ಸಮೇತ ಲಾರಿಯನ್ನು ಗೊತ್ತುಮಾಡುವುದೇ ಇಲ್ಲಿನ ಸರಿಯಾದ ದಾರಿ. ಹಗ್ಗ ಕಟ್ಟಿ ಎಳೆಯುವುದು ಕೆಟ್ಟುನಿಂತ ವಾಹನವನ್ನು ಹತ್ತಿರದ ಗ್ಯಾರೇಜಿಗೆ ಸಾಗಿಸಲು ಮಾತ್ರ. ಎಂಜಿನ್ ಆರಿದ ಕಾರಿನಲ್ಲಿ ಸ್ಟೀರಿಂಗೂ ಬ್ರೇಕೂ ಬಿಗಿಯಾಗುತ್ತವೆ, ಆಟೊಮ್ಯಾಟಿಕ್ ಕಾರಾದರೆ ಗೇರ್‌ಬಾಕ್ಸೇ ಹಾಳಾಗಬಹುದು.

ಲಾರಿಯನ್ನು ಆರಿಸುವಾಗ ಎಲ್ಲರೂ ತೂಕವನ್ನು ಕೇಳುತ್ತಾರೆ, ಉದ್ದವನ್ನು ಮರೆಯುತ್ತಾರೆ. ಸ್ವಿಫ್ಟ್‌ನಂಥ ಕಾರು ಸುಮಾರು 900 ಕಿಲೋ ತೂಗುತ್ತದೆ, ಬೊಲೆರೊ ಪಿಕಪ್ ಅದಕ್ಕಿಂತ ಹೆಚ್ಚನ್ನೇ ಹೊರುತ್ತದೆ. ಆದರೆ ಪಿಕಪ್ಪಿನ ತೊಟ್ಟಿ 9–10 ಅಡಿ, ಎಂದರೆ ಹೆಚ್ಚೆಂದರೆ 3 ಮೀಟರಿನಷ್ಟು. ಸ್ವಿಫ್ಟ್‌ನ ಉದ್ದ 3.8 ಮೀಟರಿಗೂ ಹೆಚ್ಚು. ಹಿಂದಿನ ಹಲಗೆಯನ್ನು ಇಳಿಬಿಟ್ಟು ಕಾರಿನ ಹಿಂಭಾಗವನ್ನು ಹೊರಗೆ ಚಾಚಿಸಿಕೊಂಡು ಬರುವ ಏರ್ಪಾಡಿಗೆ, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ, ಒಪ್ಪಬೇಡಿ. ನಾಲ್ಕು ಮೀಟರಿನೊಳಗಿನ ಕಾರುಗಳಿಗೆ 14 ಅಡಿ ತೊಟ್ಟಿಯ ಗಾಡಿ, ಹೋಂಡಾ ಸಿಟಿಯಂಥ ಉದ್ದದ ಕಾರುಗಳಿಗೆ ಮತ್ತು ಇನ್ನೋವಾಕ್ಕೆ 17 ಅಡಿಯ ಗಾಡಿ ಬೇಕು. ಫೋನಿನಲ್ಲಿ ಮಾತಾಡುವಾಗಲೇ "ಎಷ್ಟು ಅಡಿ ಗಾಡಿ?" ಎಂದು ಕೇಳಿದರೆ ಲಾರಿಯವರಿಗೆ ಅರ್ಥವಾಗುತ್ತದೆ.

ಕಾರು ಹಳೆಯ ಊರನ್ನು ಬಿಡುವ ಮೊದಲೇ ಮುಗಿಸಬೇಕಾದ ಕೆಲಸವೆಂದರೆ ಆ ರಾಜ್ಯದ ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರವನ್ನು, ಎಲ್ಲರೂ ಎನ್‌ಒಸಿ ಎನ್ನುವುದನ್ನು, ಪಡೆಯುವುದು. ಅದಕ್ಕೆ ನಮೂನೆ 28ರಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿಯ ಮೇಲೆ ಚಾಸಿ ಸಂಖ್ಯೆಯ, ಎಂದರೆ ಕಾರಿನ ಚೌಕಟ್ಟಿನ ಮೇಲೆ ಕೊರೆದಿರುವ ಸಂಖ್ಯೆಯ, ಪೆನ್ಸಿಲ್ ಅಚ್ಚು ಬೇಕಾಗುವುದರಿಂದ ಕಾರು ಇಲ್ಲಿಗೆ ಬಂದಮೇಲೆ ಅಲ್ಲಿನ ಕಚೇರಿಯೊಡನೆ ವ್ಯವಹರಿಸುವುದು ದುಪ್ಪಟ್ಟು ತೊಂದರೆ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ವಿಮೆಯನ್ನೂ ಈಗಲೇ ತೆಗೆದು ನೋಡಿ: ಸಮಗ್ರ ಪಾಲಿಸಿಯಲ್ಲಿ ಕಾರನ್ನು ರಸ್ತೆ ಅಥವಾ ರೈಲಿನ ಮೂಲಕ ಸಾಗಿಸುವಾಗ ಆಗುವ ಹಾನಿಯೂ ಸೇರಿರುತ್ತದೆ, ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಸೇರಿರುವುದಿಲ್ಲ. ಲಾರಿ ಚಾಲಕನ ಕೈಗೆ ಆರ್‌ಸಿಯ (ನೋಂದಣಿ ಪತ್ರದ) ಪ್ರತಿಯನ್ನೂ, ಇದು ಮಾರಾಟದ ಸರಕಲ್ಲ, ಮನೆ ಬದಲಿಸುತ್ತಿರುವ ನಮ್ಮ ಸ್ವಂತ ಬಳಕೆಯ ಕಾರು ಎಂದು ಬರೆದು ಸಹಿ ಮಾಡಿದ ಪತ್ರವನ್ನೂ ಕೊಟ್ಟಿರಬೇಕು.

ಲೋಡು ಮಾಡುವ ಹೊತ್ತಿಗೆ ಮನೆಯವರೊಬ್ಬರು ತಪ್ಪದೆ ಅಲ್ಲಿರಬೇಕು. ಬಾಡಿಗೆಯಲ್ಲಿ ಸಾವಿರ ರೂಪಾಯಿ ಚೌಕಾಸಿ ಮಾಡುವುದಕ್ಕಿಂತ ಆ ಅರ್ಧ ಗಂಟೆ ಪಕ್ಕದಲ್ಲಿ ನಿಂತು ನೋಡುವುದು ಹೆಚ್ಚಿನ ಲಾಭದ ಕೆಲಸವೆಂಬುದು ನಮ್ಮ ಅಭಿಪ್ರಾಯ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಪೆಟ್ರೋಲ್ ಇರಬಾರದು, ಪಾತ್ರೆ ಪುಸ್ತಕಗಳನ್ನು ಡಿಕ್ಕಿಯಲ್ಲಿ ತುಂಬಿ ಕಳಿಸಬಾರದು. ಕಾರಿನ ನಾಲ್ಕೂ ಬದಿಯ, ಬಂಪರಿನ ಅಡಿಯ ಮತ್ತು ಓಡಿದ ಕಿಲೋಮೀಟರ್ ತೋರಿಸುವ ಮೀಟರಿನ ಫೋಟೊ ತೆಗೆದು, ಮೊದಲೇ ಇರುವ ಗೀರುಗಳನ್ನು ಲಾರಿ ರಸೀದಿಯ ಮೇಲೆ ಬರೆಸಬೇಕು. ಗಾಜಿಗೆ ಅಂಟಿಸಿರುವ ಫಾಸ್ಟ್ಯಾಗನ್ನು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನಿಂದ ಎರಡೂ ಬದಿ ಮುಚ್ಚದಿದ್ದರೆ ಟೋಲಿನಲ್ಲಿ ಲಾರಿಯ ಜೊತೆಗೆ ನಿಮ್ಮ ಖಾತೆಯಿಂದಲೂ ಹಣ ಕಡಿತವಾಗಬಹುದು.

ಕಾರನ್ನು ಲಾರಿಗೆ ಹತ್ತಿಸುವ ಹಲಗೆಯ ಇಳಿಜಾರು ಕಡಿದಾಗಿದ್ದರೆ ಕಾರಿನ ಮುಂಭಾಗ ಉಜ್ಜುತ್ತದೆ. ಲಾರಿಯ ಹಿಂಬದಿಯನ್ನು ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ತಾಗಿಸಿ ನಿಲ್ಲಿಸಿದರೆ ಇಳಿಜಾರು ತಗ್ಗುತ್ತದೆ. ಕಾರು ಮೇಲೇರಿದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಿ, ಮೊದಲ ಗೇರಿನಲ್ಲಿ, ಆಟೊಮ್ಯಾಟಿಕ್ ಆದರೆ ಪಾರ್ಕಿನಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಹಿಂದೆ ಮುಂದೆ ಮರದ ತುಂಡುಗಳನ್ನು ಬಿಗಿಯಾಗಿ ಇರಿಸಿ ಮೊಳೆ ಹೊಡೆಯಬೇಕು. ಅವಸರದಲ್ಲಿರುವ ಚಾಲಕರು ಬಂಪರಿಗೋ ಕೆಳಗಿನ ರಾಡಿಗೋ ಹಗ್ಗ ಬಿಗಿದು ಮುಗಿಸಲು ನೋಡುತ್ತಾರೆ. ಹಾಗೆ ಕಟ್ಟಿದರೆ ರಸ್ತೆಯ ಉಬ್ಬುಗಳಿಗೆ ಕಾರಿನ ಬಾಡಿ ಸ್ಪ್ರಿಂಗಿನ ಮೇಲೆ ಕುಣಿದಷ್ಟೂ ಹಗ್ಗ ಸಡಿಲವಾಗುತ್ತಾ ಹೋಗುತ್ತದೆ. "ಅಣ್ಣ, ಬಂಪರಿಗೆ ಬೇಡ, ಟೈರಿಗೇ ಬೆಲ್ಟ್ ಹಾಕಿ" ಎಂದು ನಿಧಾನವಾಗಿಯೇ ಹೇಳಿ, ನಾಲ್ಕೂ ಟೈರುಗಳ ಮೇಲೆ ಬೆಲ್ಟು ಹಾಯುವಂತೆ ನೋಡಿಕೊಳ್ಳಿ. ಹೊರಟ ಮೇಲೆ ಇಪ್ಪತ್ತು ಮೂವತ್ತು ಕಿಲೋಮೀಟರಿನೊಳಗೆ ಒಮ್ಮೆ ನಿಲ್ಲಿಸಿ ಬೆಲ್ಟುಗಳನ್ನು ಮತ್ತೆ ಬಿಗಿಯಲು ತಿಳಿಸಿರಬೇಕು. ಬೆಂಗಳೂರಿನಿಂದ ಬರುವ ಗಾಡಿಯಾದರೆ ಎಕ್ಸ್‌ಪ್ರೆಸ್‌ವೇ ಏರುವ ಮೊದಲೇ ಇದು ಆಗಬೇಕು, ಏಕೆಂದರೆ ಮುಖ್ಯ ಪಥದ ಅಂಚಿನಲ್ಲಿ ಲಾರಿ ನಿಲ್ಲಿಸುವುದು ಅಪಾಯಕರ.

ಊಟಿ ಅಥವಾ ವಯನಾಡಿನ ಕಡೆಯಿಂದ ಬರುವ ಲಾರಿಗಳಿಗೆ ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆಂಬುದನ್ನು ಲೆಕ್ಕಕ್ಕಿಟ್ಟು ಹೊರಡುವ ವೇಳೆಯನ್ನು ಗೊತ್ತುಮಾಡಿ. ಮಂಡ್ಯಕ್ಕೆ ಬರಬೇಕಾದ ಲಾರಿಯ ಚಾಲಕ ಹೊರಗಿನವನಾದರೆ, ಎಕ್ಸ್‌ಪ್ರೆಸ್‌ವೇ ನಗರವನ್ನು ಬಳಸಿಕೊಂಡು ಹೋಗುತ್ತದೆ, ಎಲ್ಲಿ ಇಳಿದು ಹಳೆಯ ರಸ್ತೆಗೆ ಸೇರಬೇಕು ಎಂಬುದನ್ನು ಮೊದಲೇ ಹೇಳಿಡಿ. ತಪ್ಪಿದರೆ ಶ್ರೀರಂಗಪಟ್ಟಣದ ಕಡೆಯವರೆಗೂ ಹೋಗಿ ತಿರುಗಿ ಬರಬೇಕಾದೀತು. ಮೈಸೂರಿನಲ್ಲಿ ಅಗ್ರಹಾರ, ಚಾಮುಂಡಿಪುರದಂಥ ಬಡಾವಣೆಗಳ ಒಳರಸ್ತೆಗೆ 17 ಅಡಿಯ ಗಾಡಿಯನ್ನು ಕರೆಸುವುದಕ್ಕಿಂತ ರಿಂಗ್ ರಸ್ತೆಯ ಬಳಿ ವಿಶಾಲ ಜಾಗದಲ್ಲಿ ಹಗಲು ಹೊತ್ತಿನಲ್ಲೇ ಇಳಿಸಿಕೊಳ್ಳುವುದು ಸುಲಭ. ದಸರೆಯ ದಿನಗಳಲ್ಲಂತೂ ಬೇಡವೇ ಬೇಡ. ಬಾಡಿಗೆಯ ಒಂದು ಪಾಲನ್ನು ಕಾರು ಇಳಿದು, ಫೋಟೊಗಳೊಡನೆ ಹೋಲಿಸಿ ನೋಡಿದ ಮೇಲೆಯೇ ಕೊಡಬೇಕು.

ಬೇರೆ ರಾಜ್ಯದ ಕಾರು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿಯುವುದಾದರೆ ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು; ಅರ್ಜಿ ನಮೂನೆ 27ರಲ್ಲಿ. ಬಿಎಚ್ ಸರಣಿಯ, ಎಂದರೆ ಇಡೀ ದೇಶಕ್ಕೆ ಒಂದೇ ನೋಂದಣಿಯಿರುವ, ಕಾರಿಗೆ ಇದು ಬೇಕಾಗಿಲ್ಲ. ಕರ್ನಾಟಕದೊಳಗಿನ ಊರಿಂದ ಬಂದವರು ವಿಳಾಸ ಬದಲಾದ 30 ದಿನಗಳೊಳಗೆ ಅದನ್ನು ತಿಳಿಸಿದರೆ ಸಾಕು. ಮನೆಯ ವಿಳಾಸಕ್ಕೆ ತಕ್ಕಂತೆ ಮೈಸೂರು ಪಶ್ಚಿಮ ಕೆಎ-09, ಮೈಸೂರು ಪೂರ್ವ ಕೆಎ-55, ಮಂಡ್ಯ ಕೆಎ-11, ಹುಣಸೂರು ಕೆಎ-45 ಮತ್ತು ನಾಗಮಂಗಲ ಕೆಎ-54 ಕಚೇರಿಗಳಿವೆ. ಇಲ್ಲಿ ಕಟ್ಟುವ ತೆರಿಗೆ ಕಾರಿನ ಬೆಲೆ ಮತ್ತು ವಯಸ್ಸನ್ನು ಅವಲಂಬಿಸಿರುತ್ತದೆ. ಹಳೆಯ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಅವಧಿಯ ಹಣವನ್ನು ವಾಪಸು ಕೇಳಲು ಅಲ್ಲಿನ ಮೂಲ ರಸೀದಿ ಬೇಕಾಗುವುದರಿಂದ ಅದನ್ನು ಸಾಮಾನಿನ ಪೆಟ್ಟಿಗೆಗಳಲ್ಲಿ ಹಾಕದೆ ಕೈಚೀಲದಲ್ಲಿಯೇ ತನ್ನಿ.