ಪೌತಿ ಖಾತೆ ಮಾಡಿಸುವುದು ಹೇಗೆ? ಮೊದಲು ವಂಶವೃಕ್ಷ ಸರಿಯಾಗಿರಲಿ

ಅಪ್ಪ ತೀರಿಕೊಂಡು ಎಷ್ಟೋ ವರ್ಷ ಆದರೂ ಪಹಣಿಯಲ್ಲಿ ಅವರದೇ ಹೆಸರು. ಬೆಳೆ ಸಾಲಕ್ಕೆ ಹೋದಾಗಲೋ ಜಾಗ ಮಾರಲು ಹೊರಟಾಗಲೋ ನೆನಪಾಗುತ್ತದೆ. ಖಾತೆ ಆಗುವವರೆಗೂ ಜಮೀನು ನಮ್ಮದಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ವಿಲ್ ಬರೆಯದೆ ಹೋದರೆ, ಅವರು ಕಣ್ಣು ಮುಚ್ಚಿದ ಗಳಿಗೆಯಲ್ಲೇ ಹಕ್ಕು ವಾರಸುದಾರರಿಗೆ ಬಂದಾಯಿತು, ಯಾರ ಸಹಿಯೂ ಬೇಕಿಲ್ಲ. ಪೌತಿ ಖಾತೆ ಅಂದರೆ ಅದನ್ನು ಕಂದಾಯ ದಾಖಲೆಯಲ್ಲಿ ಬರೆಸುವುದು, ಅಷ್ಟೇ. ಮೂರು ತಿಂಗಳೊಳಗೆ ತಿಳಿಸಿ ಅನ್ನುತ್ತದೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ. ತಡವಾದರೂ ಹಕ್ಕು ಹೋಗುವುದಿಲ್ಲ.

ಮೊದಲು ಮರಣ ಪ್ರಮಾಣಪತ್ರ. 21 ದಿನದೊಳಗೆ ಸಾವನ್ನು ನೋಂದಾಯಿಸಿ, ಹೆಸರು ಪಹಣಿಯಲ್ಲಿ ಇರುವ ಹಾಗೆಯೇ ಇರಲಿ.

ಆಮೇಲೆ ವಂಶವೃಕ್ಷ. ಎಲ್ಲರೂ ಎಡವುವುದು ಇಲ್ಲೇ. ನಾಡಕಚೇರಿಗೆ ಅರ್ಜಿ ಕೊಡುವಾಗ ಜೊತೆಗೊಂದು ಅಫಿಡವಿಟ್ ಇರುತ್ತದೆ ಅಲ್ವಾ, ಟೈಪ್ ಮಾಡುವ ಅಂಗಡಿಯಲ್ಲಿ ಅದರ ನಮೂನೆ ಸಿದ್ಧವಾಗಿಯೇ ಇರುತ್ತದೆ: "ನಮ್ಮನ್ನು ಬಿಟ್ಟು ಬೇರೆ ಯಾರೂ ವಾರಸುದಾರರಿಲ್ಲ." ಓದದೆ ಸಹಿ ಹಾಕಬೇಡಿ. ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಸುಮ್ನೆ ಬಿಟ್ಟುಬಿಟ್ಟರೆ ಕೆಲಸ ಬೇಗ ಆಗುತ್ತದೆ ಅಂತ ಏಜೆಂಟ್ ಹೇಳಬಹುದು. ಹೆಸರು ಬಿಟ್ಟ ಮಾತ್ರಕ್ಕೆ ಅವರ ಪಾಲು ಎಲ್ಲೂ ಹೋಗುವುದಿಲ್ಲ, ಕೋರ್ಟಿಗೆ ಹೋದರೆ ಸುಳ್ಳು ಪ್ರಮಾಣ ಮಾಡಿದ್ದಕ್ಕೆ ಉತ್ತರ ಕೊಡಬೇಕಾದವರು ನೀವು, ಏಜೆಂಟ್ ಅಲ್ಲ.

ಲೆಕ್ಕ ಹೀಗೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸಿನ ಸ್ವಯಾರ್ಜಿತ ಆಸ್ತಿಗೆ ಹೆಂಡತಿ, ತಾಯಿ, ಮಕ್ಕಳು ಎಲ್ಲರೂ ಸಮಪಾಲಿನವರು. ಹೆಂಡತಿ, ತಾಯಿ, ಇಬ್ಬರು ಗಂಡು, ಇಬ್ಬರು ಹೆಣ್ಣು ಇದ್ದರೆ ಆರು ಪಾಲು. ಅಜ್ಜಿಯನ್ನಂತೂ ಎಲ್ಲರೂ ಮರೆಯುತ್ತಾರೆ. ಮಗನೊಬ್ಬ ಮೊದಲೇ ತೀರಿಕೊಂಡಿದ್ದರೆ ಅವನ ಪಾಲು ಅವನ ಹೆಂಡತಿ, ಮಕ್ಕಳಿಗೆ. ಪಿತ್ರಾರ್ಜಿತದಲ್ಲಿ 2005ರಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು. ಮುಸ್ಲಿಮರಿಗೆ, ಕ್ರೈಸ್ತರಿಗೆ ಪಾಲಿನ ಲೆಕ್ಕವೇ ಬೇರೆ.

ತಂಗಿ ಮನಸಾರೆ ಬೇಡ ಅಂದರೆ? ಮೊದಲು ಅವಳ ಹೆಸರು ಸೇರಿಸಿ, ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ. ಛಾಪಾ ಕಾಗದದ ಮೇಲೆ ಬರೆಸಿಕೊಂಡು ನೋಟರಿ ಮಾಡಿಸಿದ ಪತ್ರ ಬೀರುವಿನಲ್ಲಿ ಇಡಲಷ್ಟೇ ಲಾಯಕ್ಕು.

ಬ್ಯಾಂಕ್ ದುಡ್ಡಿನಲ್ಲೂ ಇದೇ ಗೊಂದಲ. ನಾಮಿನಿ ಅಂದರೆ ಮಾಲೀಕ ಅಂದುಕೊಳ್ಳಬೇಡಿ. ಅವರು ಹಣ ಪಡೆಯಬಹುದು, ಕೊಡಬೇಕಾದ್ದು ವಾರಸುದಾರರಿಗೆ.

ಇನ್ನು ಸುಲಭ. ಪೌತಿ ಅರ್ಜಿ ಕೊಡಿ, ನೋಟಿಸ್ ಅವಧಿಯಲ್ಲಿ ತಕರಾರು ಬಾರದಿದ್ದರೆ ಮ್ಯುಟೇಶನ್ ಆಗಿ ಪಹಣಿಗೆ ಎಲ್ಲರ ಹೆಸರು ಜಂಟಿಯಾಗಿ ಬರುತ್ತದೆ. ಪಹಣಿ ತೆಗೆಸಿ ಅಕ್ಷರ ಅಕ್ಷರ ನೋಡಿ. ಬೇರೆ ಬೇರೆ ಮಾಡಿಕೊಳ್ಳಬೇಕಿದ್ದರೆ ಆಮೇಲೆ 11-ಇ ನಕ್ಷೆ (ಯಾರ ಪಾಲು ಎಲ್ಲಿ ಅಂತ ಜಮೀನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ ವಿಭಾಗ ಪತ್ರ ನೋಂದಾಯಿಸಬಹುದು.