ಮಾಲ್ಟಾದ ಬಾಡಿಗೆ ಮನೆಯಲ್ಲಿ ಕರೆಂಟ್ ದರ ಬದಲಾಯಿಸಿದ್ದು: ನನ್ನ ಅನುಭವ

ಮಾಲ್ಟಾದಲ್ಲಿ ಬಾಡಿಗೆ ಮನೆಯ ಮೀಟರನ್ನು ದುಬಾರಿಯ ಡೊಮೆಸ್ಟಿಕ್ ದರದಿಂದ ಅಗ್ಗದ ರೆಸಿಡೆನ್ಶಿಯಲ್ ದರಕ್ಕೆ ಬದಲಾಯಿಸುವುದು ಬಾಡಿಗೆದಾರರಿಂದ ಆಗುವ ಕೆಲಸವಲ್ಲ ಅಂತ ಇಲ್ಲಿನ ನಮ್ಮವರೆಲ್ಲ ಹೇಳಿದ್ದರು. ಮನೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ತೋರಿಸುವ ಫಾರಂಗೆ ಓನರ್ ಸಹಿ ಹಾಕಲ್ಲ, ಹಾಕಿದರೂ ಬಾಡಿಗೆ ಏರಿಸ್ತಾರೆ, ಸುಮ್ನೆ ಕಟ್ಟಿಬಿಡು ಅಂದಿದ್ದರು. ಈಗ ನಮ್ಮ ಮೀಟರ್ ರೆಸಿಡೆನ್ಶಿಯಲ್ ದರದಲ್ಲಿದೆ. ನಾನು, ನನ್ನ ಹೆಂಡತಿ ಇಬ್ಬರೂ ಮೀಟರಿನ ತಲೆ ಲೆಕ್ಕಕ್ಕೆ ಸೇರಿದ್ದೇವೆ. ಬಾಡಿಗೆ ಒಂದು ಯೂರೊನೂ ಏರಿಲ್ಲ. ಅಂದವರಲ್ಲಿ ಇಬ್ಬರು ಮೂವರು ಈಗ ನನ್ನ ಹತ್ತಿರವೇ ಫಾರಂ ತುಂಬಿಸಿಕೊಂಡು ಹೋಗಿದ್ದಾರೆ.

ಊರಿನಿಂದ ಫೋನ್ ಮಾಡುವವರು ಮೊದಲು ಕೇಳುವುದು ಅಲ್ಲಿ ಮನೆ ಕಂದಾಯ ಎಷ್ಟು ಅಂತ. ಸೊನ್ನೆ. ಮಾಲ್ಟಾದಲ್ಲಿ ವರ್ಷಾವರ್ಷ ಕಟ್ಟುವ ಕಂದಾಯವೇ ಇಲ್ಲ. ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿ 5% ರಿಯಾಯಿತಿ ಹಿಡಿಯಲು ಓಡಾಡುವ ಬೆಂಗಳೂರಿನ ನನ್ನ ಮಾವನವರಿಗೆ ಇದನ್ನು ನಂಬಿಸಲು ಇನ್ನೂ ಆಗಿಲ್ಲ. ತೆರಿಗೆ ಬೀಳುವುದು ಕೊಳ್ಳುವಾಗ ಮತ್ತು ಮಾರುವಾಗ. ಕೊಳ್ಳುವವರಿಗೆ ಸಾಮಾನ್ಯವಾಗಿ 5% ಸ್ಟ್ಯಾಂಪ್ ಡ್ಯೂಟಿ, ಮಾರುವವರಿಗೆ ಮಾರಿದ ಬೆಲೆಯ ಮೇಲೆ 8% ತೆರಿಗೆ. ನಮ್ಮಂಥವರು ಕೊಳ್ಳಬೇಕಾದರೆ ಬಹುತೇಕ ಕಡೆ ಎಐಪಿ ಪರ್ಮಿಟ್, ಅಂದರೆ ಹೊರದೇಶದವರು ಆಸ್ತಿ ಕೊಳ್ಳಲು ಪಡೆಯುವ ಅನುಮತಿ, ಕೂಡ ಬೇಕು. ನಾವೂ ಇಲ್ಲಿನ ಮೋಸ್ತಾ ಎಂಬ ಊರಿನಲ್ಲಿ ಒಂದು ಫ್ಲಾಟ್ ನೋಡಿದ್ದೆವು. ಮುಂಗಡ 10%, ಡ್ಯೂಟಿ, ನೋಟರಿ ಫೀಸು ಎಲ್ಲ ಕೂಡಿಸಿ ನೋಡಿ ಕೈಬಿಟ್ಟೆವು. ಈಗಿನ ಮನೆಯ ಬಾಡಿಗೆ ತಿಂಗಳಿಗೆ ಸುಮಾರು 950 ಯೂರೊ. ಅದನ್ನು ಇಳಿಸುವುದು ನಮ್ಮ ಕೈಯಲ್ಲಿಲ್ಲ. ಬಸ್ಸು 2022ರ ಅಕ್ಟೋಬರಿನಿಂದ ಬಸ್ ಕಾರ್ಡ್ ಇದ್ದವರಿಗೆ ಪುಕ್ಕಟೆ. ಖರ್ಚು ಇಳಿಸಲು ಉಳಿದದ್ದು ಕರೆಂಟು, ನೀರು.

ಇಲ್ಲಿ ಮನೆ ಕರೆಂಟಿಗೆ ಎರಡು ದರ. ರೆಸಿಡೆನ್ಶಿಯಲ್ ಅಂದರೆ ವರ್ಷದ ಮೊದಲ 2,000 ಯೂನಿಟ್‌ವರೆಗೆ ಯೂನಿಟ್ಟಿಗೆ ಹತ್ತೂವರೆ ಸೆಂಟ್, ಆಮೇಲೆ 13. ಡೊಮೆಸ್ಟಿಕ್ ಅಂದರೆ ಹದಿಮೂರೂವರೆ, ಆಮೇಲೆ ಹದಿನಾರೂವರೆಯ ಮೇಲೆ. ಮನೆಯಲ್ಲಿ ಇಂತಿಷ್ಟು ಜನ ಇದ್ದಾರೆ ಅಂತ ಯಾರೂ ತೋರಿಸದಿದ್ದರೆ ಮೀಟರ್ ಡೊಮೆಸ್ಟಿಕ್‌ನಲ್ಲೇ ಬಿದ್ದಿರುತ್ತದೆ. ನಿಜವಾದ ಲಾಭ ಇರುವುದು ಮಿತವಾಗಿ ಬಳಸುವವರಿಗೆ ಕೊಡುವ ಇಕೋ ರಿಯಾಯಿತಿಯಲ್ಲಿ. ಇಬ್ಬರು ಅಥವಾ ಜಾಸ್ತಿ ಜನರಿದ್ದರೆ ವರ್ಷಕ್ಕೆ ತಲೆಗೆ ಮೊದಲ 1,000 ಯೂನಿಟ್‌ಗೆ 25%, ಮುಂದಿನ 750ಕ್ಕೆ 15% ಕಡಿತ. ಡೊಮೆಸ್ಟಿಕ್‌ನವರಿಗೆ ಇದರಲ್ಲಿ ಒಂದು ಸೆಂಟೂ ಇಲ್ಲ. ನೀರಿನದೂ ತಲೆ ಲೆಕ್ಕವೇ. ವರ್ಷಕ್ಕೆ ಒಬ್ಬರಿಗೆ 33 ಘನ ಮೀಟರ್ ಅಗ್ಗದ ದರದಲ್ಲಿ, ಅದು ದಾಟಿದರೆ ಘನ ಮೀಟರಿಗೆ ಐದು ಯೂರೊ ಮೇಲೆ. ಹೆಚ್ಚಿನ ಪಾಲು ಸಮುದ್ರದ ಉಪ್ಪು ತೆಗೆದು ಕೊಡುವ ನೀರು, ಅಗ್ಗ ಎಲ್ಲಿಂದ ಬರಬೇಕು?

ಮೊದಲು ಎಲ್ಲರಂತೆ ನಾನೂ ಬಳಕೆ ಇಳಿಸಲು ಹೋದೆ. ಗೀಸರಿಗೆ ಟೈಮರ್, ಎಲ್ಲ ಕಡೆ ಎಲ್ಇಡಿ ಬಲ್ಬು. ಬಿಲ್ಲಿನಲ್ಲಿ ಹತ್ತಿಪ್ಪತ್ತು ಯೂರೊ ಇಳಿಯಿತು, ಅಷ್ಟೇ. ಚಳಿಗಾಲಕ್ಕೆ ಎಸಿ ಬೇಡ ಅಂತ ಗ್ಯಾಸ್ ಹೀಟರ್ ತಂದೆವು. ಗ್ಯಾಸ್ ಉರಿದಷ್ಟೂ ನೀರಾವಿ ಬರುತ್ತದೆ ಅಲ್ವಾ? ಸುಣ್ಣಕಲ್ಲಿನ ಗೋಡೆ ಅದನ್ನೆಲ್ಲ ಕುಡಿದು ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿಯಿತು. ಬಣ್ಣ ಹೊಡೆಸಿದ ಖರ್ಚು ಉಳಿತಾಯಕ್ಕಿಂತ ಜಾಸ್ತಿ.

ಬಳಕೆಯಿಂದಲ್ಲ, ದರದಿಂದಲೇ ಹಿಡಿಯಬೇಕು ಅಂತ ಆಗ ತಿಳಿಯಿತು.

ಓನರ್ ಒಳ್ಳೆಯವರೇ. ಆದರೆ ಫಾರಂ ಅಂದರೆ ಸಾಕು, ಮುಂದಿನ ತಿಂಗಳು ನೋಡೋಣ ಅನ್ನುವರು. ಕಾರಣ ಕರೆಂಟಲ್ಲ. ನಮ್ಮ ಬಾಡಿಗೆ ಕರಾರು ಹೌಸಿಂಗ್ ಅಥಾರಿಟಿ ಎಂಬ ಸರ್ಕಾರಿ ಸಂಸ್ಥೆಯಲ್ಲಿ ರಿಜಿಸ್ಟರ್ ಆಗಿರಲಿಲ್ಲ. ನಮ್ಮ ಹೆಸರು ಮೀಟರಿಗೆ ಬಂದರೆ ಬಾಡಿಗೆ ಲೆಕ್ಕಕ್ಕೆ ಬರುತ್ತದೆ, ಅದರ ಮೇಲೆ 15% ತೆರಿಗೆ. 950ರಂತೆ ವರ್ಷಕ್ಕೆ 1,700 ಯೂರೊ ಅವರ ಕೈಬಿಡುತ್ತದೆ. ನನ್ನ ಇನ್ನೂರು ಚಿಲ್ಲರೆ ಉಳಿತಾಯಕ್ಕೆ ಅವರೇಕೆ ಅಷ್ಟು ಕಳೆದುಕೊಳ್ಳಬೇಕು?

ಆದರೆ 2020ರಿಂದ ಕರಾರು ರಿಜಿಸ್ಟರ್ ಮಾಡುವುದು ಕಡ್ಡಾಯ. ಮಾಲೀಕರು ಮಾಡದಿದ್ದರೆ ಬಾಡಿಗೆದಾರರೇ ಮಾಡಬಹುದು, ಖರ್ಚು ಮಾಲೀಕರದ್ದು. ಜಗಳ ಮಾಡಲು ನನಗೆ ಇಷ್ಟವಿರಲಿಲ್ಲ. ಹಾಗಂತ ಬಿಡಲೂ ಇಲ್ಲ. ಹೋಗಿ ಕೂತು, ಕಾಫಿ ಕುಡಿದು, ಎರಡು ವರ್ಷದ ಕರಾರಿನ ಮಾತು ಎತ್ತಿದೆ. ಮನೆ ಖಾಲಿ ಬೀಳುವುದಿಲ್ಲ, ಏಜೆಂಟರಿಗೆ ಮತ್ತೆ ಕಮಿಷನ್ ಇಲ್ಲ, ಉದ್ದನೆ ಕರಾರಿಗೆ ತೆರಿಗೆಯಲ್ಲೂ ಒಂದಿಷ್ಟು ರಿಯಾಯಿತಿ ಇತ್ತು. ಜೊತೆಗೆ ಇನ್ನೊಂದು ಮಾತು ಹೇಳಿದೆ, ಅವರು ಒಪ್ಪಿದ್ದು ಅದಕ್ಕೇ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಇನ್ನೂ ಒಬ್ಬಿಬ್ಬರು ಸ್ನೇಹಿತರ ಮನೆಯಲ್ಲಿ ಅದು ಕೆಲಸಕ್ಕೆ ಬರಬೇಕಾಗಿದೆ.

ಕರಾರು ರಿಜಿಸ್ಟರ್ ಆದ ಮೇಲೆ ಫಾರಂಗೆ ಸಹಿ ಹಾಕದಿರಲು ಅವರಿಗೆ ಕಾರಣವೇ ಉಳಿಯಲಿಲ್ಲ. ಆಮೇಲೆ ಸಿಕ್ಕಿಕೊಂಡದ್ದು ನನ್ನ ರೆಸಿಡೆನ್ಸ್ ಕಾರ್ಡು. ಅದರಲ್ಲಿ ಇನ್ನೂ ಹಳೇ ವಿಳಾಸವಿತ್ತು. ಮೊದಲು ಕಾರ್ಡ್ ಸರಿಮಾಡಿಸಿ, ನಂತರ ಫಾರಂ ಕೊಡಿ.

ಈಗ ನಮ್ಮದು ವರ್ಷಕ್ಕೆ 3,300 ಯೂನಿಟ್ ಆಸುಪಾಸು. ಮೀಟರ್ ಬಾಡಿಗೆ ಬಿಟ್ಟರೆ ಕರೆಂಟಿಗೆ 490 ಇದ್ದದ್ದು 300ಕ್ಕೆ ಬಂದಿದೆ. ನೀರೂ ಸೇರಿದರೆ ಉಳಿತಾಯ 250ರ ಹತ್ತಿರ. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲನ್ನು ಈಗ ನಾನೇ ಮೊದಲು ತೆರೆದು ನೋಡುತ್ತೇನೆ!

ಆ ದುಡ್ಡಿನಲ್ಲಿ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಕೊಂಡೆವು. ಬೂಷ್ಟು ನಿಂತಿತು. ಬಟ್ಟೆ ರಾತ್ರಿಯಲ್ಲೇ ಒಣಗುತ್ತದೆ. ಅದು ಬಿಡುವ ಬೆಚ್ಚನೆ ಗಾಳಿಗೆ ಇಡ್ಲಿ ಹಿಟ್ಟಿನ ಪಾತ್ರೆ ಇಟ್ಟರೆ ಜನವರಿಯಲ್ಲೂ ಉಬ್ಬಿ ಬರುತ್ತದೆ. ಮುಚ್ಚಳ ಗಟ್ಟಿಯಾಗಿ ಹಾಕಬೇಡಿ, ನೆಲವೆಲ್ಲ ಹಿಟ್ಟಾಗುತ್ತದೆ. ನಲ್ಲಿ ನೀರಿನಲ್ಲಿ ತೊಗರಿಬೇಳೆ ಬೇಯಿಸುವ ಪ್ರಯೋಗ ಮಾತ್ರ ಸೋತಿತು. ನೀರು ಗಡಸು, ಮೂರು ವಿಶಲ್ ಸಾಲಲ್ಲ. ಫಿಲ್ಟರ್ ಹಾಕಿದ ಮೇಲೆ ಬಾಟಲಿ ನೀರು ತರುವುದು, ಬಾಟಲಿಗೆ 10 ಸೆಂಟ್ ವಾಪಸ್ ಪಡೆಯಲು ಮಷಿನ್ ಮುಂದೆ ಕ್ಯೂ ನಿಲ್ಲುವುದು ಎರಡೂ ತಪ್ಪಿತು.

ಒಂದು ಮರೆತಿದ್ದೆ. ಒಬ್ಬರ ಹೆಸರು ಒಂದೇ ಮೀಟರಿನಲ್ಲಿ ಇರಬೇಕು. ಮನೆ ಬಿಡುವಾಗ ಕೀಲಿ ಕೊಡುವ ಮುಂಚೆಯೇ ಹೆಸರು ತೆಗೆಸಿ. ಇಲ್ಲದಿದ್ದರೆ ಹೊಸ ಮನೆಯ ಫಾರಂ ಅಲ್ಲಿಗೇ ನಿಲ್ಲುತ್ತದೆ.